ತೇಗಿದ್ದಕ್ಕೆ ಕೈಕೋಳ: ಶಾಲೆಗೆ ಅಡ್ಡಿ ಮಾಡುವುದು ಯಾವಾಗ ಅಪರಾಧ?

ಹದಿಮೂರು ವರ್ಷದ ಹುಡುಗ, ಓದುತ್ತಿದ್ದದ್ದು ಏಳನೇ ತರಗತಿ. ಪಿ.ಟಿ. ಕ್ಲಾಸಿನಲ್ಲಿ ಬೇಕೆಂದೇ ಜೋರಾಗಿ ತೇಗಿದ. ಜೊತೆಯವರು ನಕ್ಕರು. ನಕ್ಕರಲ್ಲಾ ಅಂತ ಇನ್ನೊಮ್ಮೆ ತೇಗಿದ. ಟೀಚರ್ ಅವನನ್ನು ಹೊರಗೆ ಕಾರಿಡಾರಿನಲ್ಲಿ ಕೂರಿಸಿದರೆ ಅಲ್ಲಿಂದಲೇ ಬಾಗಿಲಿಗೆ ತಲೆ ತೂರಿಸಿ ತೇಗುತ್ತ ಹೋದ. ಇಲ್ಲಿಯವರೆಗಿನ ಕಥೆ ಜಗತ್ತಿನ ಯಾವ ಶಾಲೆಯದ್ದೂ ಆಗಬಹುದು. ಮುಂದಿನದು ಅಮೆರಿಕದ್ದು. 2011ರ ಮೇ ತಿಂಗಳು, ನ್ಯೂ ಮೆಕ್ಸಿಕೊ ರಾಜ್ಯದ ಆಲ್ಬುಕರ್ಕಿ ನಗರ. ಶಾಲೆಗೆಂದೇ ನೇಮಕವಾಗಿದ್ದ ಪೊಲೀಸ್ ಅಧಿಕಾರಿಯನ್ನು ಟೀಚರ್ ಕರೆಸಿದರು. ಹುಡುಗನ ಕೈಗೆ ಕೋಳ ಬಿತ್ತು, ಬಾಲಾಪರಾಧಿಗಳ ಕೇಂದ್ರಕ್ಕೆ ಒಯ್ದರು. ಅವನ ಮೇಲಿದ್ದ ಆರೋಪ, ಶಾಲೆಯ ಕಲಿಕೆಗೆ ಅಡ್ಡಿಪಡಿಸಿದ್ದು.

ತಾಯಿ ದಾವೆ ಹೂಡಿದರು. 2016ರ ಜುಲೈನಲ್ಲಿ ಹತ್ತನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ (ಸುಪ್ರೀಂ ಕೋರ್ಟಿನ ಕೆಳಗೆ, ಕೆಲವು ರಾಜ್ಯಗಳಿಗೆ ಸೇರಿ ಒಂದರಂತೆ ಇರುವ ಕೇಂದ್ರದ ನ್ಯಾಯಾಲಯ) ಅವರ ವಿರುದ್ಧ ತೀರ್ಪಿತ್ತಿತು. ರಾಜ್ಯದ ಕಾಯ್ದೆಯ ಮಾತುಗಳೇ ಅಷ್ಟು ಅಗಲವಾಗಿರುವಾಗ, ಈ ಬಂಧನ ಸರಿ ಎಂದು ಅಧಿಕಾರಿ ನಂಬಿದ್ದರೆ ಅವರ ಮೇಲೆ ಪರಿಹಾರದ ದಾವೆ ನಡೆಯದು ಎಂಬುದು ತೀರ್ಪಿನ ಸಾರ. ಅಷ್ಟನ್ನು ಹೇಳಲು ಬಹುಮತದ ನ್ಯಾಯಮೂರ್ತಿಗಳಿಗೆ 94 ಪುಟ ಬೇಕಾಯಿತು. ಭಿನ್ನಮತ ಬರೆದ ನೀಲ್ ಗೋರ್ಸಚ್‌ಗೆ ನಾಲ್ಕು ಪುಟ ಸಾಕಾಯಿತು. ಏಳನೇ ತರಗತಿಯ ಹುಡುಗ ತೇಗಿ ನಗಿಸಿದರೆ ಟೀಚರ್ ಏನು ಮಾಡಬೇಕು, ಇನ್ನೆರಡು ಸುತ್ತು ಓಡಿಸಬೇಕೋ, ಪ್ರಿನ್ಸಿಪಾಲರ ಬಳಿ ಕಳಿಸಬೇಕೋ, ಅವೆಲ್ಲ ಹಳೇ ಕಾಲದ್ದಾಯಿತು ಅಂತ ಪೊಲೀಸರನ್ನೇ ಕರೆಯಬೇಕೋ ಎಂದು ಅವರು ಕುಟುಕಿದರು. ಮರುವರ್ಷ ಟ್ರಂಪ್ ಇದೇ ಗೋರ್ಸಚ್ ಅವರನ್ನು ಸುಪ್ರೀಂ ಕೋರ್ಟಿಗೆ ನೇಮಿಸಿದರು. ಅವರು ಸಂಪ್ರದಾಯವಾದಿ ಎಂದೇ ಹೆಸರಾದವರು. ಈ ವಿಷಯವನ್ನು ಎಡ-ಬಲದ ಜಗಳವಾಗಿ ನೋಡುವವರು ಇದನ್ನು ಗಮನಿಸುವುದು ಒಳ್ಳೆಯದು.

ನ್ಯೂ ಮೆಕ್ಸಿಕೊದ ಆ ಕಾಯ್ದೆ ಹೇಳುವುದೇನು? ಶಾಲೆಯ ಉದ್ದೇಶಕ್ಕೆ, ಕಾರ್ಯವಿಧಾನಕ್ಕೆ, ಕೆಲಸಕಾರ್ಯಕ್ಕೆ ಅಡ್ಡಿ, ಕುಂದು ಅಥವಾ ತಡೆ ತರುವಂಥ ಯಾವುದೇ ಕೃತ್ಯವನ್ನು ಬೇಕೆಂದೇ ಎಸಗಿದರೆ, ಎಸಗುವೆನೆಂದು ಬೆದರಿಸಿದರೆ, ಇತರರನ್ನು ಅದಕ್ಕೆ ಹುರಿದುಂಬಿಸಿದರೆ ಅಪರಾಧ. 'ಯಾವುದೇ ಕೃತ್ಯ' ಎಂದ ಮೇಲೆ ಬಾಂಬ್ ಬೆದರಿಕೆಯೂ ಒಳಗೆ ಬಂತು, ತೇಗೂ ಒಳಗೆ ಬಂತು. 2016ರ ಸುಮಾರಿಗೆ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿ ಒಂದಲ್ಲ ಒಂದು ರೂಪದಲ್ಲಿ ಇಂಥ ಕಾಯ್ದೆ ಇತ್ತು. ಕೆಲವು ರಾಜ್ಯಗಳು ತಿದ್ದಿಕೊಂಡಿವೆ. ಕೆಲವು ಇನ್ನೂ ತಿದ್ದಿಲ್ಲ.

ಶಾಲೆ ಶಾಂತವಾಗಿರಬೇಕು, ಪಾಠ ನಡೆಯಬೇಕು, ಹೊರಗಿನವರು ಬಂದು ಗಲಾಟೆ ಎಬ್ಬಿಸಬಾರದು ಎಂಬುದರಲ್ಲಿ ಯಾರಿಗೂ ತಕರಾರಿಲ್ಲ, ನನಗೂ ಇಲ್ಲ. ಅದಕ್ಕೊಂದು ಕಾಯ್ದೆ ಬೇಕು ಎಂದರೂ ಒಪ್ಪಬಹುದು. ಆದರೆ ಈ ಕಾಯ್ದೆಗಳು ಯಾರನ್ನು ತಡೆಯಲು ಹುಟ್ಟಿದವು, ಕೊನೆಗೆ ಯಾರ ಕೈಗೆ ಕೋಳ ಹಾಕಿದವು ಎಂದು ನೋಡಿದರೆ, ದೋಷ ಶಿಕ್ಷೆಯ ಕಠಿಣತೆಯಲ್ಲಿ ಇರಲಿಲ್ಲ ಎಂದು ಕಾಣುತ್ತದೆ. ಅಡ್ಡಿಪಡಿಸುವವರು ಯಾರು ಎಂಬ ಪ್ರಶ್ನೆಯನ್ನೇ ಅವು ಬಿಟ್ಟುಬಿಟ್ಟಿದ್ದವು. ದಕ್ಷಿಣ ಕೆರೊಲಿನಾದ ಕಥೆಯಲ್ಲಿ ಇದು ಢಾಳಾಗಿ ಕಾಣುತ್ತದೆ.

ಹೆಣ್ಣುಮಕ್ಕಳ ರಕ್ಷಣೆಯಿಂದ ಹೆಣ್ಣುಮಕ್ಕಳ ಬಂಧನಕ್ಕೆ

ದಕ್ಷಿಣ ಕೆರೊಲಿನಾ ತನ್ನ ಕಾಯ್ದೆ ಮಾಡಿದ್ದು 1919ರಲ್ಲಿ. ಹೆಣ್ಣುಮಕ್ಕಳು ಓದುವ ಶಾಲೆ-ಕಾಲೇಜುಗಳ ಸುತ್ತ ಸುಳಿದಾಡಿ ಕಾಟ ಕೊಡುವ ಗಂಡಸರನ್ನು ದೂರವಿಡುವುದು ಆಗಿನ ಉದ್ದೇಶ. ಆವರಣದಲ್ಲಿ ಅಡ್ಡಾಡುವುದು, ಅಸಹ್ಯ ಹುಟ್ಟಿಸುವಂತೆ ನಡೆದುಕೊಳ್ಳುವುದು ಎಂಬ ಮಾತುಗಳೆಲ್ಲ ಆ ಸಂದರ್ಭದಲ್ಲಿ ಅರ್ಥವಾಗುವಂಥವೇ. ಗೇಟಿನ ಹೊರಗೆ ನಿಂತ ಪುಂಡನನ್ನು ಕಣ್ಣಮುಂದೆ ಇಟ್ಟುಕೊಂಡು ಬರೆದವು.

1968ರಲ್ಲಿ ಈ ಕಾಯ್ದೆಯನ್ನು ಎಲ್ಲ ಶಾಲೆಗಳಿಗೂ ಚಾಚಲಾಯಿತು. ಆ ವರ್ಷವನ್ನು ಸ್ವಲ್ಪ ನೋಡಬೇಕು. ಅದೇ ಫೆಬ್ರವರಿಯಲ್ಲಿ ಅದೇ ರಾಜ್ಯದ ಆರೆಂಜ್‌ಬರ್ಗ್‌ನಲ್ಲಿ, ಬಿಳಿಯರಿಗೆ ಮಾತ್ರ ಪ್ರವೇಶವಿದ್ದ ಬೌಲಿಂಗ್ ಕೇಂದ್ರವೊಂದರ ವಿರುದ್ಧ ಪ್ರತಿಭಟಿಸಿದ ಕಪ್ಪು ವಿದ್ಯಾರ್ಥಿಗಳ ಮೇಲೆ ಹೆದ್ದಾರಿ ಪೊಲೀಸರು ಗುಂಡು ಹಾರಿಸಿ ಮೂವರನ್ನು ಕೊಂದಿದ್ದರು. ದೇಶದ ಉದ್ದಗಲಕ್ಕೆ ಕ್ಯಾಂಪಸ್‌ಗಳು ಹೊತ್ತಿಕೊಂಡಿದ್ದ ಕಾಲವದು. ಹತ್ತು ವರ್ಷ ಹಿಂದಕ್ಕೆ ಹೋದರೆ ಚಿತ್ರ ತಿರುವುಮುರುವು. ಅಲ್ಲಿಯವರೆಗೆ ಬಿಳಿಯರಿಗಷ್ಟೇ ಮೀಸಲಾಗಿದ್ದ ಶಾಲೆಗಳಿಗೆ ಕಪ್ಪು ಮಕ್ಕಳು ಸೇರಿದಾಗ, 1957ರಲ್ಲಿ ಲಿಟಲ್ ರಾಕ್‌ನ ಸೆಂಟ್ರಲ್ ಹೈಸ್ಕೂಲಿನ ಎದುರು, 1960ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಆರು ವರ್ಷದ ರೂಬಿ ಬ್ರಿಡ್ಜಸ್ ಎದುರು ಕೂಗಿ, ಉಗುಳಿ, ಶಾಲೆಗೆ ಅಡ್ಡಿಪಡಿಸಿದವರು ದೊಡ್ಡವರು. ಮಕ್ಕಳು ಓದಲು ಬಂದವರು. ಶಾಲೆಗೆ ಅಡ್ಡಿ ಎಂಬ ಅಪರಾಧಕ್ಕೆ ಅಮೆರಿಕದಲ್ಲಿ ಅದಕ್ಕಿಂತ ಸ್ಪಷ್ಟ ಉದಾಹರಣೆ ಸಿಗುವುದು ಕಷ್ಟ.

ತಿದ್ದುಪಡಿಯಾದ ಕಾಯ್ದೆಯ ಒಕ್ಕಣೆ ಹೀಗಿತ್ತು: ಯಾವುದೇ ವ್ಯಕ್ತಿ ಬೇಕೆಂದೇ 'ಅಥವಾ ಅನಗತ್ಯವಾಗಿ' ಯಾವುದೇ ರೀತಿಯಲ್ಲಿ, ಯಾವುದೇ ಜಾಗದಲ್ಲಿ, ರಾಜ್ಯದ ಯಾವುದೇ ಶಾಲೆಯ ವಿದ್ಯಾರ್ಥಿಗಳಿಗೆ ಅಥವಾ ಶಿಕ್ಷಕರಿಗೆ ಅಡ್ಡಿಪಡಿಸಬಾರದು, ತೊಂದರೆ ಕೊಡಬಾರದು. 1,000 ಡಾಲರ್‌ವರೆಗೆ ದಂಡ ಅಥವಾ 90 ದಿನದವರೆಗೆ ಸಜೆ. ಆ 'ಅನಗತ್ಯವಾಗಿ' ಎಂಬ ಮಾತು ನೋಡಿ. ಹದಿನಾಲ್ಕು ವರ್ಷದವರು ತರಗತಿಯಲ್ಲಿ ಮಾಡುವುದರಲ್ಲಿ ಅರ್ಧಕ್ಕರ್ಧ ಅನಗತ್ಯವೇ.

'ಯಾವುದೇ ವ್ಯಕ್ತಿ' ಎಂದರೆ ವಿದ್ಯಾರ್ಥಿಯೂ ವ್ಯಕ್ತಿಯೇ. ಬಹುಕಾಲ ಇದು ಕಾಗದದ ಮೇಲಿನ ಸಾಧ್ಯತೆಯಾಗಿಯೇ ಇತ್ತು, ಏಕೆಂದರೆ ಶಾಲೆಯೊಳಗೆ ಪೊಲೀಸರು ಅಷ್ಟಾಗಿ ಇರಲಿಲ್ಲ. 1990ರ ದಶಕದಲ್ಲಿ ಬಾಲಾಪರಾಧದ ಬಗ್ಗೆ ಹುಟ್ಟಿದ ದಿಗಿಲು, 1999ರಲ್ಲಿ ಕೊಲಂಬೈನ್ ಹೈಸ್ಕೂಲಿನಲ್ಲಿ ನಡೆದ ಗುಂಡಿನ ಹತ್ಯಾಕಾಂಡ, ಅದರ ಬೆನ್ನಿಗೆ ಶಾಲಾ ಪೊಲೀಸರಿಗೆಂದು ಹರಿದ ಕೇಂದ್ರದ ಹಣ, ಇವೆಲ್ಲ ಸೇರಿ ಸಮವಸ್ತ್ರದ ಅಧಿಕಾರಿಯೊಬ್ಬರು ಕಾರಿಡಾರಿನಲ್ಲಿ ನಿಲ್ಲುವುದು ಮಾಮೂಲಾಯಿತು. ಬಂದೂಕುಧಾರಿ ಬಂದರೆ ಎದುರಿಸಲು ಬಂದವರು ಅವರು. ಅಂಥವನು ಬರುವುದು ಅಪರೂಪ. ಮಾತು ಕೇಳದ ಹುಡುಗಿ ದಿನಾ ಸಿಗುತ್ತಾಳೆ. ಕೈಯಲ್ಲಿ ಹೇಗೂ ಅಗಲವಾದ ಕಾಯ್ದೆ ಇತ್ತು. ದಕ್ಷಿಣ ಕೆರೊಲಿನಾ ಒಂದರಲ್ಲೇ ವರ್ಷಕ್ಕೆ ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ಈ ಆರೋಪ ಬೀಳತೊಡಗಿತು. ಹೆಣ್ಣುಮಕ್ಕಳ ಕಾವಲಿಗೆಂದು ಹಾಕಿದ ಬೇಲಿಯೇ ಎದ್ದು ಹೊಲ ಮೇಯತೊಡಗಿತು ಅನ್ನುವುದು ಇಲ್ಲಿ ಅತಿಶಯೋಕ್ತಿಯಲ್ಲ.

2015ರ ಅಕ್ಟೋಬರ್ 26ರಂದು ಅದೇ ರಾಜ್ಯದ ರಾಜಧಾನಿ ಕೊಲಂಬಿಯಾದ ಸ್ಪ್ರಿಂಗ್ ವ್ಯಾಲಿ ಹೈಸ್ಕೂಲಿನ ಗಣಿತದ ತರಗತಿಯಲ್ಲಿ ನಡೆದದ್ದನ್ನು ಜಗತ್ತೇ ಫೋನಿನಲ್ಲಿ ನೋಡಿತು. ವಿದ್ಯಾರ್ಥಿನಿಯೊಬ್ಬಳು ಫೋನ್ ಕೊಡಲು ಒಪ್ಪಲಿಲ್ಲ, ತರಗತಿ ಬಿಟ್ಟು ಹೋಗಲೂ ಒಪ್ಪಲಿಲ್ಲ. ಕರೆಸಿಕೊಂಡ ಶಾಲಾ ಪೊಲೀಸ್ ಅಧಿಕಾರಿ ಅವಳನ್ನು ಕೂತಿದ್ದ ಡೆಸ್ಕಿನ ಸಮೇತ ಹಿಂದಕ್ಕೆ ಉರುಳಿಸಿ ನೆಲದ ಮೇಲೆ ಎಳೆದೆಸೆದರು. ಅದನ್ನು ನೋಡಿ ಪ್ರತಿಭಟಿಸಿ ಕೂಗಿದ 18 ವರ್ಷದ ಸಹಪಾಠಿಯನ್ನೂ ಬಂಧಿಸಿದರು. 18 ತುಂಬಿದ್ದರಿಂದ ಅವಳನ್ನು ಕಳಿಸಿದ್ದು ದೊಡ್ಡವರ ಜೈಲಿಗೆ. ಇಬ್ಬರೂ ಕಪ್ಪು ಹುಡುಗಿಯರು, ಇಬ್ಬರ ಮೇಲೂ ಒಂದೇ ಆರೋಪ: ಶಾಲೆಗೆ ಅಡ್ಡಿ. ಎರಡು ದಿನದಲ್ಲಿ ಶೆರಿಫ್ (ಅಲ್ಲಿನ ಪೊಲೀಸ್ ಮುಖ್ಯಸ್ಥರು) ಆ ಅಧಿಕಾರಿಯನ್ನು ಕೆಲಸದಿಂದ ತೆಗೆದರು. ಹುಡುಗಿಯರ ಮೇಲಿನ ಆರೋಪ ಬಿಟ್ಟುಕೊಡಲು ಮಾತ್ರ ಸರ್ಕಾರಿ ವಕೀಲರಿಗೆ ಮುಂದಿನ ವರ್ಷದವರೆಗೆ ಸಮಯ ಹಿಡಿಯಿತು.

ಆ ವಿಡಿಯೊವನ್ನು ಇನ್ನೊಮ್ಮೆ ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಉಳಿದ ಮಕ್ಕಳು ತಲೆ ತಗ್ಗಿಸಿ ಕೂತಿದ್ದಾರೆ. ಆ ಹೊತ್ತು ಅಲ್ಲಿ ಗಣಿತ ನಿಂತದ್ದು ಯಾವುದರಿಂದ? ಫೋನ್ ಕೊಡಲು ಒಲ್ಲದೆ ಕೂತವಳಿಂದಲೋ, ಡೆಸ್ಕ್ ಉರುಳಿಸಿದ್ದರಿಂದಲೋ? ಪಾಠ ಸುಸೂತ್ರವಾಗಿ ನಡೆಯಲಿ ಎಂದು ಬರೆದ ಕಾಯ್ದೆಯನ್ನು ಜಾರಿ ಮಾಡಿದ ಬಗೆಯೇ ಪಾಠಕ್ಕೆ ಎಲ್ಲಕ್ಕಿಂತ ದೊಡ್ಡ ಅಡ್ಡಿಯಾಯಿತು. ಕಾಯ್ದೆಯ ಅಕ್ಷರದ ಪ್ರಕಾರ ಆ ಅಧಿಕಾರಿಯೂ 'ಯಾವುದೇ ವ್ಯಕ್ತಿ'ಯೇ ಅಲ್ಲವೇ ಅಂತ ಯಾರೂ ಕೇಳಿದ ಹಾಗಿಲ್ಲ.

ಹಳೆಯ ಎರಡು ತೀರ್ಪು, ನಡುವೆ ಒಂದು ಕಂದಕ

ಶಾಲೆಗೆ ಅಡ್ಡಿ ಎಂಬುದರ ಬಗ್ಗೆ ಅಮೆರಿಕದ ಸುಪ್ರೀಂ ಕೋರ್ಟ್ ಏನೂ ಹೇಳಿಯೇ ಇಲ್ಲ ಎಂದಲ್ಲ. ಎರಡು ಬೇರೆಬೇರೆ ಕಡೆಯಿಂದ ಹೇಳಿದೆ.

ಮೊದಲನೆಯದು 1969ರ ಟಿಂಕರ್ ತೀರ್ಪು. ಅಯೋವಾದ ಡೆ ಮಾಯ್ನ್ ನಗರದಲ್ಲಿ ಕೆಲವು ಮಕ್ಕಳು 1965ರ ಡಿಸೆಂಬರ್‌ನಲ್ಲಿ ವಿಯೆಟ್ನಾಂ ಯುದ್ಧ ವಿರೋಧಿಸಿ ತೋಳಿಗೆ ಕಪ್ಪುಪಟ್ಟಿ ಕಟ್ಟಿ ಶಾಲೆಗೆ ಹೋದರು, ಸಸ್ಪೆಂಡ್ ಆದರು. ನ್ಯಾಯಾಲಯ 7-2ರ ಬಹುಮತದಿಂದ ಮಕ್ಕಳ ಪರ ನಿಂತಿತು. ವಿದ್ಯಾರ್ಥಿಯ ಅಭಿಪ್ರಾಯವನ್ನು ಶಾಲೆ ತಡೆಯಬೇಕಾದರೆ ಅದರಿಂದ ಶಾಲೆಯ ಕೆಲಸಕ್ಕೆ 'ಗಣನೀಯ' ಅಡ್ಡಿ ಆಗಿದೆ ಅಥವಾ ಆಗುತ್ತದೆ ಎಂದು ತೋರಿಸಬೇಕು, ಬರಿಯ ಅಂಜಿಕೆ ಸಾಲದು ಎಂದಿತು. ಈ ಅಳತೆಗೋಲು ಬಂದದ್ದು ಮಿಸಿಸಿಪ್ಪಿಯ ಎರಡು ಪ್ರಕರಣಗಳಿಂದ. ಐದನೇ ಸರ್ಕ್ಯೂಟ್ 1966ರಲ್ಲಿ ಒಂದೇ ದಿನ ಎರಡಕ್ಕೂ ತೀರ್ಪು ಕೊಟ್ಟಿತ್ತು. ಎರಡೂ ಕಡೆ ಕಪ್ಪು ವಿದ್ಯಾರ್ಥಿಗಳು ನಾಗರಿಕ ಹಕ್ಕುಗಳ ಬ್ಯಾಡ್ಜ್ ಧರಿಸಿದ್ದರು. ಒಂದು ಶಾಲೆಯಲ್ಲಿ ಸುಮ್ಮನೆ ಧರಿಸಿ ಕೂತಿದ್ದರು, ನಿಷೇಧ ಬಿದ್ದುಹೋಯಿತು. ಇನ್ನೊಂದರಲ್ಲಿ ಬೇಡವೆಂದವರಿಗೂ ಚುಚ್ಚಿ, ಕಾರಿಡಾರಿನಲ್ಲಿ ಗದ್ದಲವಾಗಿತ್ತು, ನಿಷೇಧ ಉಳಿಯಿತು. ಬ್ಯಾಡ್ಜ್ ಎರಡೂ ಕಡೆ ಅದೇ. ನ್ಯಾಯಾಲಯ ತೂಗಿದ್ದು ಅಲ್ಲಲ್ಲಿ ನಿಜವಾಗಿ ಏನಾಯಿತು ಎಂಬುದನ್ನು.

ಎರಡನೆಯದು 1972ರ ಗ್ರೇನೆಡ್ ತೀರ್ಪು. ಇಲಿನಾಯ್ ರಾಜ್ಯದ ರಾಕ್‌ಫರ್ಡ್‌ನಲ್ಲಿ 1969ರ ಏಪ್ರಿಲ್‌ನಲ್ಲಿ ಸುಮಾರು 200 ಜನ ಹೈಸ್ಕೂಲೊಂದರ ಹೊರಗೆ ಮೆರವಣಿಗೆ ನಡೆಸಿದರು. ಕಪ್ಪು ವಿದ್ಯಾರ್ಥಿಗಳ ಬೇಡಿಕೆಗಳಿಗೆ ಶಾಲೆಯ ಆಡಳಿತ ಕಿವಿಗೊಡುತ್ತಿಲ್ಲ ಎಂಬುದು ದೂರು. ಪೊಲೀಸರು 40 ಮಂದಿಯನ್ನು ಬಂಧಿಸಿದರು. ತರಗತಿ ನಡೆಯುತ್ತಿರುವಾಗ ಶಾಲೆಯ ಪಕ್ಕದ ಜಾಗದಲ್ಲಿ ಪಾಠದ ಶಾಂತಿಗೆ ಭಂಗ ತರುವ ಸದ್ದು ಮಾಡಬಾರದು ಎಂಬ ನಗರದ ನಿಯಮವನ್ನು ನ್ಯಾಯಾಲಯ ಎತ್ತಿಹಿಡಿಯಿತು. ಬರೆದವರು ಥರ್ಗುಡ್ ಮಾರ್ಷಲ್, ಶಾಲೆಗಳ ವರ್ಣಭೇದದ ವಿರುದ್ಧ ವಕೀಲರಾಗಿ ಹೋರಾಡಿ ಗೆದ್ದವರು. ಅದೇ ತೀರ್ಪಿನಲ್ಲಿ ಅವರು ನಗರದ ಇನ್ನೊಂದು ನಿಯಮವನ್ನು ರದ್ದು ಮಾಡಿದರು. ಶಾಲೆಯ ಬಳಿ ಪಿಕೆಟಿಂಗ್ (ಫಲಕ ಹಿಡಿದು ಪ್ರತಿಭಟಿಸುವುದು) ನಿಷೇಧ, ಆದರೆ ಕಾರ್ಮಿಕ ವಿವಾದಕ್ಕಾದರೆ ಪರವಾಗಿಲ್ಲ ಎನ್ನುವ ನಿಯಮ ಅದು. ಏನು ಹೇಳುತ್ತಿದ್ದೀರಿ ಎಂಬುದರ ಮೇಲೆ ತಡೆಯುವಂತಿಲ್ಲ, ಎಷ್ಟು ಸದ್ದು ಮಾಡುತ್ತಿದ್ದೀರಿ ಎಂಬುದರ ಮೇಲೆ ತಡೆಯಬಹುದು.

ಅಸ್ಪಷ್ಟ ಕಾಯ್ದೆ ಏಕೆ ಕೆಟ್ಟದ್ದು ಎಂಬುದನ್ನೂ ಮಾರ್ಷಲ್ ಅಲ್ಲೇ ಬಿಡಿಸಿ ಹೇಳಿದರು. ಏನು ಮಾಡಬಾರದೆಂದು ಗೊತ್ತಾಗದೆ ಅಮಾಯಕರು ಸಿಕ್ಕಿಬೀಳುತ್ತಾರೆ. ಯಾವುದು ಅಪರಾಧ ಎಂದು ತೀರ್ಮಾನಿಸುವ ಕೆಲಸ ಶಾಸಕರ ಕೈಯಿಂದ ಜಾರಿ ಬೀದಿಯ ಪೊಲೀಸರ ಕೈಗೆ ಹೋಗುತ್ತದೆ, ಅವರಿಗೆ ಆಗದವರು ಒಳಗೆ, ಬೇಕಾದವರು ಹೊರಗೆ. ಜೊತೆಗೆ, ಮಾಡಬಹುದಾದದ್ದನ್ನೂ ಮಾಡಲು ಜನ ಹೆದರುತ್ತಾರೆ. ಹೀಗಿದ್ದೂ ರಾಕ್‌ಫರ್ಡ್‌ನ ನಿಯಮ ಏಕೆ ಉಳಿಯಿತು? ಅದು ಜಾಗ ಹೇಳಿತ್ತು, ಸಮಯ ಹೇಳಿತ್ತು, ಪಾಠಕ್ಕೆ ಭಂಗ ಎಂಬ ಅಳೆಯಬಹುದಾದ ಪರಿಣಾಮ ಹೇಳಿತ್ತು. ಹೊರಗೆ ನಿಂತು ಡೋಲು ಬಾರಿಸಿದರೆ ಒಳಗೆ ಪಾಠ ಕೇಳಿಸುವುದಿಲ್ಲ ಎಂಬುದು ಯಾರಿಗೂ ತಿಳಿಯುವ ಮಾತು.

ಶಾಲೆಯ ಒಳಗಿರುವ ಮಗುವಿಗೆ ಇದೇ ಅಳತೆ ಹಾಕಲು ಹೋದರೆ ಕೈಕೊಡುತ್ತದೆ. ಹೊರಗಿನವರ ಗದ್ದಲ ಶಾಲೆಯ ಸಹಜ ದಿನಚರಿಯ ಭಾಗವಲ್ಲ. ಮಕ್ಕಳ ಗದ್ದಲ ಆ ದಿನಚರಿಯ ಭಾಗವೇ. ಗಮನ ಕೊಡುವುದನ್ನು, ಸರದಿ ಕಾಯುವುದನ್ನು, ಸಿಟ್ಟು ನುಂಗುವುದನ್ನು ಕಲಿಯಲೆಂದೇ ಅವರು ಅಲ್ಲಿದ್ದಾರೆ. ಕಲಿಯುವವರು ತಪ್ಪುತ್ತಾರೆ.

ಆ ಎರಡು ತೀರ್ಪುಗಳ ನಡುವೆ ದಶಕಗಳ ಕಾಲ ಒಂದು ವಿಚಿತ್ರ ಉಳಿದುಕೊಂಡಿತು. ಈ ಇಡೀ ಚರ್ಚೆಯಲ್ಲಿ ನನಗೆ ಅತಿ ಮುಖ್ಯವಾಗಿ ಕಾಣುವುದು ಅದೇ. ಕಪ್ಪುಪಟ್ಟಿ ಕಟ್ಟಿದ ಹುಡುಗಿಯನ್ನು ಮನೆಗೆ ಕಳಿಸಬೇಕಾದರೆ ಪ್ರಿನ್ಸಿಪಾಲರು ಗಣನೀಯ ಅಡ್ಡಿಯನ್ನು ತೋರಿಸಬೇಕು. 1975ರ ಗಾಸ್ ವರ್ಸಸ್ ಲೋಪೆಜ್ ತೀರ್ಪಿನ ನಂತರವಂತೂ ಹತ್ತು ದಿನದೊಳಗಿನ ಸಸ್ಪೆನ್ಷನ್‌ಗೂ ಆರೋಪ ಏನೆಂದು ತಿಳಿಸಿ ಮಗುವಿನ ಮಾತು ಕೇಳಬೇಕು. ಅದೇ ಹುಡುಗಿಗೆ ಕೋಳ ಹಾಕಿ ಒಯ್ಯಲು ದಕ್ಷಿಣ ಕೆರೊಲಿನಾದ ಕಾಯ್ದೆಯ ಮಾತಿನಲ್ಲಿ ಗಣನೀಯ ಎಂಬ ಷರತ್ತೇ ಇರಲಿಲ್ಲ, 'ಯಾವುದೇ ರೀತಿಯಲ್ಲಿ' ಅಡ್ಡಿಯಾದರೆ ಸಾಕಿತ್ತು. ಚಿಕ್ಕ ಶಿಕ್ಷೆಗೆ ದೊಡ್ಡ ಪುರಾವೆ, ದೊಡ್ಡ ಶಿಕ್ಷೆಗೆ ಚಿಕ್ಕ ಪುರಾವೆ. ಸಹಜವಾಗಿಯೇ ಪೊಲೀಸರನ್ನು ಕರೆಯುವುದು ಸುಲಭದ ದಾರಿಯಾಯಿತು.

ಕೆನಿ ವರ್ಸಸ್ ವಿಲ್ಸನ್

ಸ್ಪ್ರಿಂಗ್ ವ್ಯಾಲಿಯಲ್ಲಿ ಕೂಗಿ ಜೈಲಿಗೆ ಹೋದ ಹುಡುಗಿ ಕೆನಿ ಮತ್ತು ಇತರರು 2016ರ ಆಗಸ್ಟ್‌ನಲ್ಲಿ ನಾಗರಿಕ ಹಕ್ಕುಗಳ ಸಂಘಟನೆ ಎಸಿಎಲ್‌ಯು ನೆರವಿನಿಂದ ರಾಜ್ಯದ ಅಟಾರ್ನಿ ಜನರಲ್ ವಿಲ್ಸನ್ ವಿರುದ್ಧ ಮೊಕದ್ದಮೆ ಹೂಡಿದರು. ಕೆಳ ನ್ಯಾಯಾಲಯ 2017ರಲ್ಲಿ, ನಿಮಗೆ ಮುಂದೆ ಹಾನಿಯಾಗುತ್ತದೆ ಎಂಬುದೇ ಖಚಿತವಿಲ್ಲ ಎಂದು ಬಾಗಿಲು ಮುಚ್ಚಿತು. ರಿಚ್ಮಂಡ್‌ನ ನಾಲ್ಕನೇ ಸರ್ಕ್ಯೂಟ್ 2018ರ ಮಾರ್ಚ್‌ನಲ್ಲಿ ಆ ಬಾಗಿಲು ತೆರೆಸಿತು. ಎರಡು ತಿಂಗಳಲ್ಲಿ ಶಾಸನಸಭೆಯೇ ಕಾಯ್ದೆಯನ್ನು ತಿದ್ದಿತು.

ಆ ತಿದ್ದುಪಡಿಯಲ್ಲಿ ಮುಖ್ಯವಾದದ್ದು ಒಂದೇ ಸಾಲು: ಕಾಯ್ದೆ ಇನ್ನು ಮುಂದೆ 'ವಿದ್ಯಾರ್ಥಿಯಲ್ಲದ ವ್ಯಕ್ತಿ'ಗೆ ಮಾತ್ರ. ಕೃತ್ಯಗಳ ಪಟ್ಟಿಯನ್ನೂ ಕೊಟ್ಟರು. ಅನುಮತಿ ಇಲ್ಲದೆ ಒಳಬರುವುದು, ಹೊಡೆದಾಟ ಶುರುಮಾಡುವುದು, ಬೆದರಿಕೆ ಹಾಕುವುದು ಇತ್ಯಾದಿ. ಸುತ್ತುಬಳಸಿ, ಅರ್ಧ ಶತಮಾನದ ಬಳಿಕ, ಕಾಯ್ದೆ 1919ರಲ್ಲಿ ಹೊರಟ ಗೇಟಿನ ಬಳಿಗೇ ಬಂದು ನಿಂತಿತು.

ಮೊಕದ್ದಮೆ ಅಲ್ಲಿಗೆ ಮುಗಿಯಲಿಲ್ಲ. ಹಳೆಯ ಕಾಯ್ದೆಯಡಿ ದಾಖಲಾದ ಮಕ್ಕಳ ಹೆಸರಿನಲ್ಲಿ ಆರೋಪದ ಕಡತ ಉಳಿದೇ ಇತ್ತು. ಜೊತೆಗೆ ಇನ್ನೊಂದು ಕಾಯ್ದೆಯೂ ಇತ್ತು, ಸಾರ್ವಜನಿಕ ಜಾಗದಲ್ಲಿ ಅಶಿಸ್ತಿನಿಂದ, ಗದ್ದಲ ಮಾಡುತ್ತ ನಡೆದುಕೊಳ್ಳುವುದನ್ನು, ಶಾಲೆ ಅಥವಾ ಚರ್ಚಿನ ಕಿವಿಗೆ ಬೀಳುವಂತೆ ಕೆಟ್ಟ ಮಾತಾಡುವುದನ್ನು ಅಪರಾಧವೆನ್ನುವ ಕಾಯ್ದೆ. ಒಂದು ಆರೋಪದ ದಾರಿ ಮುಚ್ಚಿದರೆ ಪೊಲೀಸರು ಇನ್ನೊಂದರಲ್ಲಿ ನುಗ್ಗುವುದು ಸಾಮಾನ್ಯ, ಆದ್ದರಿಂದ ಅರ್ಜಿದಾರರು ಎರಡನ್ನೂ ಒಟ್ಟಿಗೇ ಪ್ರಶ್ನಿಸಿದ್ದರು. 2021ರ ಅಕ್ಟೋಬರ್‌ನಲ್ಲಿ ಫೆಡರಲ್ ಜಿಲ್ಲಾ ನ್ಯಾಯಾಲಯ, 2023ರ ಫೆಬ್ರವರಿಯಲ್ಲಿ ನಾಲ್ಕನೇ ಸರ್ಕ್ಯೂಟ್, ಶಾಲಾ ಮಕ್ಕಳ ಮಟ್ಟಿಗೆ ಎರಡೂ ಕಾಯ್ದೆಗಳು ಸಂವಿಧಾನಬಾಹಿರವಾಗಿ ಅಸ್ಪಷ್ಟ ಎಂದವು. ಯಾವ ತಂಟೆ ಪ್ರಿನ್ಸಿಪಾಲರ ಕೋಣೆಗೆ, ಯಾವುದು ಪೊಲೀಸ್ ಠಾಣೆಗೆ ಎಂದು ಗೆರೆ ಎಳೆಯುವ ಒಂದು ಮಾತೂ ಕಾಯ್ದೆಯಲ್ಲಿಲ್ಲ ಎಂಬುದು ತೀರ್ಪಿನ ತಿರುಳು.

ಗೆರೆಯೇ ಇಲ್ಲದ ಕಡೆ ಗೆರೆ ಎಲ್ಲಿ ಬೀಳುತ್ತದೆ ಎಂಬುದಕ್ಕೆ ದೇಶದ ಅಂಕಿಅಂಶ ನೋಡಬಹುದು. ಕೇಂದ್ರ ಶಿಕ್ಷಣ ಇಲಾಖೆಯ ಪ್ರಕಾರ 2015-16ರಲ್ಲಿ ಸರ್ಕಾರಿ ಶಾಲೆಗಳ ಮಕ್ಕಳಲ್ಲಿ ಕಪ್ಪು ಮಕ್ಕಳು ಶೇ 15. ಪೊಲೀಸರಿಗೆ ಒಪ್ಪಿಸಲಾದ ಅಥವಾ ಬಂಧಿತರಾದವರಲ್ಲಿ ಅವರು ಶೇ 31. ಇದು ಎಲ್ಲ ಬಗೆಯ ಆರೋಪಗಳೂ ಸೇರಿದ ಲೆಕ್ಕ, ಅಡ್ಡಿಯ ಆರೋಪ ಒಂದರದ್ದಲ್ಲ. ಆದರೆ ಬಂದೂಕು ತಂದದ್ದು, ಮೂಗು ಮುರಿದದ್ದು ಎಂಬ ಆರೋಪಗಳಲ್ಲಿ ನೋಡುವವರ ಕಣ್ಣಿಗೆ ಇರುವ ಅವಕಾಶ ಕಡಿಮೆ. 'ಅಡ್ಡಿ', 'ಉದ್ಧಟತನ', 'ಗದ್ದಲ' ಎಂಬವುಗಳಲ್ಲಿ ಇರುವುದೆಲ್ಲ ನೋಡುವವರ ಕಣ್ಣೇ.

ಮೇಷ್ಟ್ರುಗಳ ಕಡೆಯ ಮಾತು

ಇದಕ್ಕೆ ಎದುರು ವಾದ ಇದೆ, ಅದನ್ನು ಹಗುರವಾಗಿ ತಳ್ಳುವಂತಿಲ್ಲ. ಮೂವತ್ತು ಮಕ್ಕಳ ತರಗತಿಯಲ್ಲಿ ಒಬ್ಬ ದಿನಾ ಪಾಠ ಕೆಡಿಸುತ್ತಿದ್ದರೆ ಉಳಿದ ಇಪ್ಪತ್ತೊಂಬತ್ತು ಮಕ್ಕಳ ಹಕ್ಕು ಏನಾಯಿತು? ಆ ಇಪ್ಪತ್ತೊಂಬತ್ತರಲ್ಲಿ ಬಡವರೂ ಕಪ್ಪು ಮಕ್ಕಳೂ ಇರುತ್ತಾರೆ. ಅವರಿಗೆ ಆ ತರಗತಿ ಬಿಟ್ಟರೆ ಬೇರೆ ಟ್ಯೂಷನ್ ಇಲ್ಲ. ಮೇಷ್ಟ್ರ ಕೈಯಿಂದ ಒಂದೊಂದೇ ಸಾಧನ ಕಸಿಯುತ್ತ ಹೋದರೆ ಕೊನೆಗೆ ಅವರು ಕೆಲಸವನ್ನೇ ಬಿಟ್ಟು ಹೋಗುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಈ ವಾದ ಇನ್ನೂ ಜೋರಾಗಿದೆ, ಏಕೆಂದರೆ ಅಲ್ಲಿ ಉದ್ಧಟತನಕ್ಕೆ ಸಸ್ಪೆಂಡ್ ಮಾಡುವುದನ್ನೇ ಹಂತಹಂತವಾಗಿ ನಿಲ್ಲಿಸಿದ್ದಾರೆ. ಮೊದಲು ಮೂರನೇ ತರಗತಿವರೆಗೆ, ಆಮೇಲೆ ಎಂಟರವರೆಗೆ, 2024ರ ಜುಲೈನಿಂದ ಹನ್ನೆರಡರವರೆಗೆ.

ಕ್ಯಾಲಿಫೋರ್ನಿಯಾದ ಆ ಕೊನೆಯ ಹೆಜ್ಜೆಯ ಬಗ್ಗೆ ನನಗೂ ಅನುಮಾನವಿದೆ. ಹದಿನೇಳರ ಹುಡುಗನನ್ನೂ ಏಳರ ಮಗುವನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ಸರಿ ಕಾಣುವುದಿಲ್ಲ. ಆದರೆ ಸಸ್ಪೆನ್ಷನ್ ಮತ್ತು ಬಂಧನ ಒಂದೇ ಅಲ್ಲ. ಶಾಲೆ ಮಗುವನ್ನು ತರಗತಿಯಿಂದ ಹೊರಗಿಡಬಹುದೇ ಎಂಬುದು ಶಿಕ್ಷಣದ ಪ್ರಶ್ನೆ. ಅದಕ್ಕೆ ಅಪರಾಧಿ ಎಂಬ ಹಣೆಪಟ್ಟಿ ಕಟ್ಟಬಹುದೇ ಎಂಬುದು ಬೇರೆಯೇ ಪ್ರಶ್ನೆ. ಮೇಷ್ಟ್ರಿಗೆ ಬೇಕಾದದ್ದು ಆ ಹುಡುಗ ಈಗ, ಈ ಪೀರಿಯಡ್ಡಿನಲ್ಲಿ ಸುಮ್ಮನಾಗುವುದು. ಕ್ರಿಮಿನಲ್ ಕಾಯ್ದೆ ಕೊಡುವುದು ಮೂರು ತಿಂಗಳ ಬಳಿಕ ಕೋರ್ಟಿನಲ್ಲಿ ಒಂದು ತಾರೀಖು. ಶಾಲಾ ಪೊಲೀಸರ ರಾಷ್ಟ್ರೀಯ ಸಂಘಟನೆಯೇ, ಶಾಲೆಯ ದೈನಂದಿನ ಶಿಸ್ತುಪಾಲನೆಗೆ ತಮ್ಮ ಅಧಿಕಾರಿಗಳು ಕೈಹಾಕಬಾರದು ಎಂಬ ನಿಲುವು ತಳೆದಿದೆ.

ಪೊಲೀಸರ ಕಡೆಯಿಂದ ಇನ್ನೊಂದು ವಾದ ಬರುತ್ತದೆ: ಅಡ್ಡಿಯ ಆರೋಪ ಹಗುರವಾದದ್ದು, ಅದನ್ನು ಕಿತ್ತುಹಾಕಿದರೆ ಹಲ್ಲೆಯಂಥ ಭಾರಿ ಆರೋಪ ಹೊರಿಸಬೇಕಾಗ್ತದೆ, ಮಗುವಿಗೇ ನಷ್ಟ. ಜಗಳವಾಡಿ ಹೊಡೆದ ಪ್ರಕರಣಗಳಲ್ಲಿ ಇದರಲ್ಲಿ ತಥ್ಯವಿದೆ. ಆದರೆ ಫೋನ್ ಕೊಡದವಳ ಮೇಲೆ, ತೇಗಿದವನ ಮೇಲೆ ಹೊರಿಸಲು ಬೇರೆ ಭಾರಿ ಆರೋಪ ಯಾವುದಿತ್ತು? ಅಂಥವರನ್ನು ಹಿಡಿಯಲು ಇದ್ದದ್ದು ಆ ಹಗುರ ಆರೋಪ ಒಂದೇ.

ಯಾರು, ಎಷ್ಟು

ತಿದ್ದಿಕೊಂಡ ರಾಜ್ಯಗಳು ಒಂದೇ ದಾರಿ ಹಿಡಿಯಲಿಲ್ಲ. ಟೆಕ್ಸಸ್‌ನ ಕಾಯ್ದೆ ಮೊದಲಿಂದಲೂ ಸ್ವಲ್ಪ ಬಿಡಿಸಿ ಬರೆದದ್ದು. ಶಾಲೆಯ 500 ಅಡಿಯೊಳಗೆ, ಪಾಠ ನಡೆಯಲಾಗದಷ್ಟು ಸದ್ದು ಮಾಡುವುದು, ಮಕ್ಕಳನ್ನು ಪುಸಲಾಯಿಸಿ ತರಗತಿಯಿಂದ ಹೊರಗೆಳೆಯುವುದು, ಬರುವವರನ್ನು ತಡೆಯುವುದು, ಅನುಮತಿಯಿಲ್ಲದೆ ತರಗತಿಗೆ ನುಗ್ಗಿ ಬೈಗುಳ ಸುರಿಸುವುದು ಎಂದು ಅಡ್ಡಿಯ ರೂಪಗಳನ್ನು ಹೆಸರಿಸುತ್ತದೆ. ಹಾಗಿದ್ದೂ ಅಲ್ಲಿ ಪೊಲೀಸರು ಮಕ್ಕಳಿಗೆ ದಂಡದ ಟಿಕೆಟ್ ಹರಿದುಕೊಡುವುದು ರೂಢಿಯಾಗಿ, 2013ರಲ್ಲಿ ಆ ಶಾಲೆಯ ವಿದ್ಯಾರ್ಥಿಗಳನ್ನು ಕಾಯ್ದೆಯಿಂದಲೇ ಹೊರಗಿಟ್ಟರು. ಮ್ಯಾಸಚೂಸೆಟ್ಸ್ 2018ರ ಏಪ್ರಿಲ್‌ನಲ್ಲಿ, 18 ತುಂಬದ ವಿದ್ಯಾರ್ಥಿ ಶಾಲೆಯಲ್ಲಿ ಮಾಡಿದ ಗದ್ದಲ ಅಪರಾಧವಲ್ಲ ಎಂದು ಬರೆಯಿತು. ಕ್ಯಾಲಿಫೋರ್ನಿಯಾದಲ್ಲಿ ಶಾಲೆಗೆ ಬಂದು ರಂಪ ಮಾಡುವ ಪೋಷಕರಿಗೆಂದೇ ಪ್ರತ್ಯೇಕ ಕಲಂ ಇದೆ. ಅಲ್ಲಿಯೂ ಅಡ್ಡಿ ಗಣನೀಯವಾಗಿರಬೇಕು, ಕಾನೂನುಬದ್ಧ ಕಾರ್ಮಿಕ ಸಂಘಟನೆಯ ಚಟುವಟಿಕೆಗೆ ಅದು ಅನ್ವಯಿಸದು.

ದೊಡ್ಡವರ ಮೇಲೆ ಬಿಡಿ, ಏನಾದರೂ ಆಗಲಿ ಎಂದು ಕೈತೊಳೆದುಕೊಳ್ಳುವ ಹಾಗೂ ಇಲ್ಲ. ದಕ್ಷಿಣ ಕೆರೊಲಿನಾದ ಹೊಸ ಪಟ್ಟಿಯಲ್ಲಿ, ಸಿಬ್ಬಂದಿ ಬೇಡವೆಂದ ಮೇಲೂ ಜೋರು ಗದ್ದಲ ಮಾಡುವುದು ಎಂಬ ಬಾಬೂ ಇದೆ. ಮಗುವಿಗೆ ಅನ್ಯಾಯವಾಗಿದೆ ಎಂದು ದನಿ ಏರಿಸಿದ ತಾಯಿ ಅದರೊಳಗೆ ಬರುತ್ತಾಳೋ ಇಲ್ಲವೋ ಎಂಬುದು ಮತ್ತೆ ನೋಡುವವರ ಕಣ್ಣಿಗೆ ಬಿಟ್ಟದ್ದು. 2021ರ ಶರತ್ಕಾಲದಲ್ಲಿ ಮಾಸ್ಕ್ ಮತ್ತು ಪಠ್ಯದ ವಿಷಯಕ್ಕೆ ಶಾಲಾ ಮಂಡಳಿಗಳ ಸಭೆಗಳು ರಣರಂಗವಾದಾಗ, ಬೆದರಿಕೆಗಳನ್ನು ಎದುರಿಸಲು ಎಫ್‌ಬಿಐ ಸ್ಥಳೀಯ ಪೊಲೀಸರ ಜೊತೆ ಕೂತು ಮಾತಾಡಲಿ ಎಂದು ದೇಶದ ಆಗಿನ ಅಟಾರ್ನಿ ಜನರಲ್ ಮೆರಿಕ್ ಗಾರ್ಲಂಡ್ ಸೂಚಿಸಿದರು. ಪೋಷಕರನ್ನು ಅಪರಾಧಿಗಳಂತೆ ಕಾಣುತ್ತಿದ್ದಾರೆ ಎಂದು ದೊಡ್ಡ ಕೂಗೆದ್ದಿತು. ಕೂಗೆಬ್ಬಿಸಿದ ಶಾಸಕರಲ್ಲಿ ಎಷ್ಟು ಮಂದಿ ತಮ್ಮ ರಾಜ್ಯದ ಶಾಲಾ ಮಕ್ಕಳ ವಿಷಯದಲ್ಲಿ ಅದೇ ದನಿ ಎತ್ತಿದ್ದರು ಎಂದು ಕೇಳಬೇಕೆನಿಸುತ್ತದೆ.

'ಯಾರು' ಎಂಬುದನ್ನು ಬಿಟ್ಟು 'ಎಷ್ಟು' ಎಂಬುದರ ಮೇಲೆಯೇ ನಿಂತ ರಾಜ್ಯ ಉತ್ತರ ಕೆರೊಲಿನಾ. ಬೋಧನೆಗೆ ಅಡ್ಡಿಪಡಿಸುವುದನ್ನು ಅಪರಾಧವೆನ್ನುವ ಅಲ್ಲಿನ ಕಾಯ್ದೆ ವಿದ್ಯಾರ್ಥಿಗಳನ್ನು ಹೊರಗಿಟ್ಟಿಲ್ಲ. ಆದರೆ ಅಡ್ಡಿ ಗಣನೀಯವಾಗಿರಬೇಕು ಎಂದು ರಾಜ್ಯದ ಸುಪ್ರೀಂ ಕೋರ್ಟ್ 1960ರ ದಶಕದಿಂದಲೇ ಹೇಳುತ್ತ ಬಂದಿದೆ. ಇಬ್ಬರು ಹುಡುಗಿಯರು ತರಗತಿ ನಡೆಯುತ್ತಿರುವಾಗ ಲೋಹದ ವಸ್ತುವಿನಿಂದ, ಕೋಣೆ ಬೆಚ್ಚಗಿಡುವ ರೇಡಿಯೇಟರ್ ಮೇಲೆ ಎರಡು ಮೂರು ಸಲ ಬಡಿದ ಪ್ರಕರಣದಲ್ಲಿ, 1992ರಲ್ಲಿ ಅದೇ ಅಳತೆ ಬಳಸಿ, ಇಷ್ಟಕ್ಕೆ ಅಪರಾಧವಾಗದು ಎಂದು ಅವರನ್ನು ಬಿಡಿಸಿತು. ತೀರ್ಪು ಸರಿಯಾದದ್ದೇ. ಆದರೆ 'ಗಣನೀಯ' ಎಂಬುದನ್ನು ತೂಗಲು ನ್ಯಾಯಾಧೀಶರು ಬೇಕು, ನ್ಯಾಯಾಧೀಶರ ಮುಂದೆ ಬರಬೇಕಾದರೆ ಮೊದಲು ದೂರು ದಾಖಲಾಗಿರಬೇಕು. ಟೆಕ್ಸಸ್‌ನ ಸಾಲನ್ನು ಓದಿಕೊಂಡ ಪೊಲೀಸ್ ಅಧಿಕಾರಿ ತರಗತಿಯ ಬಾಗಿಲಲ್ಲೇ ತಿರುಗಿ ಹೋಗಬೇಕಾಗುತ್ತದೆ. ಉತ್ತರ ಕೆರೊಲಿನಾದ ಸಾಲನ್ನು ಓದಿಕೊಂಡವರು ಒಳಗೆ ಬರಬಹುದು. ರೇಡಿಯೇಟರಿನ ಸದ್ದು ಗಣನೀಯವಲ್ಲ ಎಂದು ತೀರ್ಮಾನವಾಗಲು ಆ ಹುಡುಗಿಯರು ರಾಜ್ಯದ ಅತ್ಯುನ್ನತ ನ್ಯಾಯಾಲಯದವರೆಗೆ ಹೋಗಬೇಕಾಯಿತು.